ಮಿದುಳಿನ ಕಾವಲು ದಾಟುವ ಬುತ್ತಿಗಂಟು

ಚಿಕ್ಕಲಸಂದ್ರದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ತಂದೆಗೆ 72 ವರ್ಷ, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತದೆ, ಹೆಜ್ಜೆ ಕಿರಿದಾಗಿದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ತಾಯಿಯವರ ನೆರವು ಬೇಕು. ‘ಎಕ್ಸೊಸೋಮ್ ಡ್ರಿಪ್ ಕೊಡಿಸಿದರೆ ಔಷಧ ನೇರವಾಗಿ ಮಿದುಳಿಗೇ ಹೋಗುತ್ತದಂತೆ. ಖರ್ಚು ಲಕ್ಷಗಟ್ಟಲೆ. ಊರಿನ ಜಮೀನು ಮಾರಿ ಕೊಡಿಸಬಹುದೇ?’ ಎಂಬುದು ಅವರ ಪ್ರಶ್ನೆ.

ಜಮೀನಿನ ಮಾತು ಬಂದಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಈಗ ಬೇಡ. ಏಕೆಂದು ತಿಳಿಯಬೇಕಾದರೆ ಮಿದುಳಿನ ಬಾಗಿಲಲ್ಲಿ ಕುಳಿತ ಕಾವಲುಗಾರನನ್ನು ನೀವು ಪರಿಚಯ ಮಾಡಿಕೊಳ್ಳಬೇಕು.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಮೈಯೊಳಗಿನ ಅಂಗಾಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮಾತ್ರ ಬಿಳಿಯಾಗಿಯೇ ಉಳಿಯಿತು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಜೀವಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಬಹುಪಾಲು ಔಷಧಗಳನ್ನು ಈ ತಡೆ ಒಳಗೆ ಬಿಡುವುದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿರುವ ಸೆಕ್ಯುರಿಟಿಯವನಂತೆ, ಗುರುತಿನವರಿಗಷ್ಟೇ ದಾರಿ.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ಅದನ್ನೇ ಕೊಟ್ಟರೆ ಕಾವಲು ದಾಟದು. ಆದರೆ ಅದರ ಹಿಂದಿನ ರೂಪವಾದ ಲೆವೊಡೋಪ ಒಂದು ಅಮೈನೊ ಆಮ್ಲ. ಅಮೈನೊ ಆಮ್ಲಗಳಿಗೆಂದೇ ಇರುವ ಬಾಗಿಲಿನಿಂದ ಅದು ಒಳಗೆ ಹೋಗುತ್ತದೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಈ ಲೆವೊಡೋಪ ಇರುವುದನ್ನು 1937ರಲ್ಲೇ ಭಾರತದ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಿದ್ದರು. (ಹಾಗೆಂದು ಬೀಜ ಪುಡಿ ಮಾಡಿ ತಿನ್ನಿಸಬೇಡಿ, ಪ್ರಮಾಣ ಹತೋಟಿಗೆ ಸಿಗುವುದಿಲ್ಲ.)

ಈ ಬಾಗಿಲಿನ ವಿಷಯ ನಿಮ್ಮ ಅಡುಗೆಮನೆಗೂ ಸಂಬಂಧಿಸಿದ್ದು. ಬೇಳೆ, ಮೊಸರು, ಹಾಲು, ಮೊಟ್ಟೆಯ ಪ್ರೋಟೀನು ಜೀರ್ಣವಾದಾಗ ಬರುವ ಅಮೈನೊ ಆಮ್ಲಗಳೂ ಅದೇ ಬಾಗಿಲಿಗೆ ನುಗ್ಗುತ್ತವೆ. ಆದ್ದರಿಂದ ಮೊಸರನ್ನದ ಜೊತೆಗೇ ಗುಳಿಗೆ ನುಂಗಿದವರಿಗೆ ‘ಔಷಧ ಹಿಡಿಯುತ್ತಿಲ್ಲ’ ಎನಿಸಬಹುದು. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ವಾಕರಿಕೆ ಬರುವವರು ಒಂದೆರಡು ಬಿಸ್ಕತ್ತು ತಿನ್ನಬಹುದು. ಹೊತ್ತು ಬದಲಿಸುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಎಕ್ಸೊಸೋಮ್. ನಮ್ಮ ಜೀವಕೋಶಗಳು ಸುಮಾರು 30ರಿಂದ 150 ನ್ಯಾನೊಮೀಟರ್ ಅಳತೆಯ ಕೊಬ್ಬಿನ ಪೊರೆಯ ಚೀಲಗಳನ್ನು ಹೊರಬಿಡುತ್ತಲೇ ಇರುತ್ತವೆ. ತಲೆಗೂದಲೊಂದರ ಅಗಲದಲ್ಲಿ ಇಂಥವನ್ನು ನೂರಾರು ಸಾಲಾಗಿ ಇಡಬಹುದು. 1983ರಲ್ಲಿ ಇವನ್ನು ಮೊದಲು ಕಂಡಾಗ ಜೀವಕೋಶದ ಕಸ ಎಂದೇ ತಿಳಿದಿದ್ದರು. ಕಸವಲ್ಲ, ಒಂದು ಜೀವಕೋಶ ಇನ್ನೊಂದಕ್ಕೆ ಕಳಿಸುವ ಬುತ್ತಿಗಂಟು ಎಂಬುದು ಆಮೇಲೆ ತಿಳಿಯಿತು. ಮನೆಯಿಂದಲೇ ಬಂದ ಬುತ್ತಿಯನ್ನು ಕಾವಲುಗಾರ ತಡೆಯುವುದು ಕಡಿಮೆ. ಹಾಗಾದರೆ ಅದರೊಳಗೆ ಔಷಧ ಇಟ್ಟರೆ?

2011ರಲ್ಲಿ ಆಕ್ಸ್‌ಫರ್ಡಿನ ಮ್ಯಾಥ್ಯೂ ವುಡ್ ಅವರ ತಂಡ ಇದನ್ನೇ ಮಾಡಿತು. ಹುಚ್ಚುನಾಯಿ ಕಡಿತದ ರೇಬಿಸ್ ವೈರಸ್ಸಿಗೆ ನರಮಂಡಲದ ದಾರಿ ಚೆನ್ನಾಗಿ ಗೊತ್ತು. ಅದರ ಹೊರಮೈ ಪ್ರೋಟೀನಿನ ಒಂದು ನಿರುಪದ್ರವಿ ತುಣುಕನ್ನು ಚೀಲಗಳಿಗೆ ವಿಳಾಸದ ಚೀಟಿಯಂತೆ ಅಂಟಿಸಿ ಇಲಿಗಳ ರಕ್ತಕ್ಕೆ ಬಿಟ್ಟರು. ಒಳಗಿಟ್ಟ ಸರಕು ಮಿದುಳು ತಲುಪಿ, ಆಲ್‌ಝೈಮರ್ಸ್ ಮರೆವಿನ ರೋಗಕ್ಕೆ ಸಂಬಂಧಪಟ್ಟ ಒಂದು ಕಿಣ್ವವನ್ನು ಶೇಕಡ 60ರಷ್ಟು ತಗ್ಗಿಸಿತು. ಅದೇ ವರ್ಷ ಅಮೆರಿಕದಲ್ಲಿ ಅರಿಸಿನದ ಕುರ್ಕುಮಿನ್ ತುಂಬಿದ ಚೀಲಗಳನ್ನು ಇಲಿಗಳ ಮೂಗಿನ ಮೂಲಕ ಕೊಟ್ಟು ಮಿದುಳಿನ ಉರಿಯೂತ ಇಳಿಸಿದರು.

ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ದೂರ. ರಕ್ತಕ್ಕೆ ಬಿಟ್ಟ ಚೀಲಗಳಲ್ಲಿ ಹೆಚ್ಚಿನವು ಯಕೃತ್ತು, ಗುಲ್ಮಗಳಲ್ಲೇ ಸಿಕ್ಕಿಬೀಳುತ್ತವೆ. ಒಂದೇ ಗುಣಮಟ್ಟದ ಚೀಲಗಳನ್ನು ಹೇರಳವಾಗಿ ತಯಾರಿಸುವುದೂ ಕಷ್ಟ. ತಲುಪಿದರೂ ಗುಣವಾಗುತ್ತದೆಂಬ ಭರವಸೆ ಇಲ್ಲ: ಇಲಿಗಳಲ್ಲಿ ತಗ್ಗಿಸಿದ ಆ ಕಿಣ್ವವನ್ನೇ ತಡೆಯುವ ಗುಳಿಗೆಗಳನ್ನು ಮುಂದೆ ಮನುಷ್ಯರಿಗೆ ಕೊಟ್ಟು ನೋಡಿದಾಗ ಮರೆವು ನಿಲ್ಲಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಚಿಕಿತ್ಸೆಗಳ ಮಾರಾಟದ ವಿರುದ್ಧ 2019ರಲ್ಲೇ ಎಚ್ಚರಿಸಿದೆ. ಒಂದು ಎಕ್ಸೊಸೋಮ್ ಔಷಧಕ್ಕೂ ಅದು ಒಪ್ಪಿಗೆ ಕೊಟ್ಟಿಲ್ಲ.

ಯಾರಾದರೂ ‘ಇದು ಪ್ರಯೋಗದ ಹಂತದಲ್ಲಿದೆ’ ಎಂದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಕೇಳಿ. ನೋಂದಣಿ 2009ರಿಂದ ಕಡ್ಡಾಯ. ನಿಜವಾದ ಪ್ರಯೋಗದಲ್ಲಿ ಪ್ರಯೋಗದ ಔಷಧಕ್ಕೆ ರೋಗಿಯಿಂದ ಲಕ್ಷಗಟ್ಟಲೆ ವಸೂಲಿ ಮಾಡುವುದಿಲ್ಲ. ಎರಡನೆಯ ಅಭಿಪ್ರಾಯ ಬೇಕಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮಗೆ ದೂರವೇನಲ್ಲ.

ಅಷ್ಟರವರೆಗೆ ತಂದೆಯವರ ಈಗಿನ ಗುಳಿಗೆಯನ್ನು ಏಕಾಏಕಿ ನಿಲ್ಲಿಸಬೇಡಿ. ತೀವ್ರ ಬಿಗಿತ, ಜ್ವರ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಒಂದು ವಾರ ಗುಳಿಗೆ ನುಂಗಿದ ಹೊತ್ತು, ಊಟದ ಹೊತ್ತು, ನಡುಕ ಹೆಚ್ಚಾದ ಹೊತ್ತು ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಭೇಟಿಯಲ್ಲಿ ಅದನ್ನು ವೈದ್ಯರ ಕೈಗೆ ಕೊಡಿ.