ಬಿಡದೆ ಕಾಡುವ ಬೇಸರಕ್ಕೂ ಮದ್ದುಂಟು

ಸದಾ ಸುಸ್ತು, ತಲೆನೋವು, ಮೈಕೈನೋವು ಎನ್ನುವವರು ನಿಮ್ಮ ಮನೆಯಲ್ಲಿ ಇದ್ದಾರೆಯೇ? ಮನೆಗೆಲಸವೋ ಕಚೇರಿಯೋ ಹೇಗೋ ಸಾಗುತ್ತಿರುತ್ತದೆ. ಆದರೆ ಮುಖದಲ್ಲಿ ಗೆಲುವಿಲ್ಲ, ಹಬ್ಬ-ಮದುವೆಗಳಲ್ಲಿ ಉತ್ಸಾಹವಿಲ್ಲ. 'ಅವರ ಸ್ವಭಾವವೇ ಹಾಗೆ' ಎಂದು ಮನೆಯವರು ಸುಮ್ಮನಾಗಿರುತ್ತಾರೆ.

ಇದು ದೀರ್ಘಕಾಲದ ಖಿನ್ನತೆ, ಅಂದರೆ ಡಿಸ್ತೈಮಿಯ ಇರಬಹುದು. ದೊಡ್ಡವರಲ್ಲಿ ಬೇಸರ ಕನಿಷ್ಠ 2 ವರ್ಷ, ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ 1 ವರ್ಷ, ಹೆಚ್ಚಿನ ದಿನಗಳಲ್ಲಿ ಕಾಡುತ್ತದೆ. ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ, ಆತ್ಮವಿಶ್ವಾಸ ಏರುಪೇರಾಗುತ್ತವೆ.

ಕುಟುಂಬ ವೈದ್ಯರಿಗೂ ಇದು ಸುಲಭವಾಗಿ ಪತ್ತೆಯಾಗದು. ರೋಗಿ 'ಬೇಸರ' ಎನ್ನುವುದಿಲ್ಲ, 'ನಿಶ್ಶಕ್ತಿ' ಎನ್ನುತ್ತಾರೆ. ಕಿಕ್ಕಿರಿದ ಆಸ್ಪತ್ರೆಯಲ್ಲಿ ಸಿಗುವ ನಾಲ್ಕು ನಿಮಿಷದಲ್ಲಿ ಟಾನಿಕ್, ನೋವಿನ ಮಾತ್ರೆ ಬರೆದಲ್ಲಿಗೆ ಭೇಟಿ ಮುಗಿಯುತ್ತದೆ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳ ಪರೀಕ್ಷೆ ಅಗತ್ಯವೇ. ಅವೆಲ್ಲ ಸರಿಯಾಗಿದ್ದರೆ 'ಏನೂ ಇಲ್ಲ, ನಾಟಕ' ಎಂದುಕೊಳ್ಳಬೇಡಿ.

ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಎರಡು ವಾರಗಳಲ್ಲಿ ಮನಸ್ಸು ಮತ್ತೆ ಮತ್ತೆ ಕುಗ್ಗಿದೆಯೇ? ಇಷ್ಟದ ಕೆಲಸಗಳಲ್ಲೂ ಆಸಕ್ತಿ ಹೋಗಿದೆಯೇ? ಒಂದಕ್ಕಾದರೂ ಉತ್ತರ 'ಹೌದು' ಎಂದಾದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ. ಎಷ್ಟು ವರ್ಷಗಳಿಂದ ಹೀಗಿದೆ ಎಂಬುದನ್ನೂ ಮರೆಯದೆ ತಿಳಿಸಿ.

ಚಿಕಿತ್ಸೆಗೆ ದೂರದ ಊರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಮಾನಸಿಕ ಕಾಯಿಲೆಗಳಿಗೆ ಅಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಈ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು.

ಖಿನ್ನತೆ ನಿವಾರಕ ಮಾತ್ರೆಗಳು ನೋವಿನ ಮಾತ್ರೆಯಂತೆ ಗಂಟೆಯಲ್ಲಿ ಕೆಲಸ ಮಾಡವು. ಗುಣ ಕಾಣಲು 2ರಿಂದ 4 ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ಹೊಟ್ಟೆ ತೊಳಸುವಿಕೆ ಆಗಬಹುದು. ಇಲ್ಲಿಯೇ ಎಷ್ಟೋ ಮಂದಿ ಚಿಕಿತ್ಸೆ ಬಿಡುತ್ತಾರೆ. ಇನ್ನು ಕೆಲವರು ಸ್ವಲ್ಪ ಗೆಲುವಾದೊಡನೆ ನಿಲ್ಲಿಸಿಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ 6 ತಿಂಗಳು, ಹಳೆಯ ಖಿನ್ನತೆಯಾದರೆ ಇನ್ನೂ ಹೆಚ್ಚು ಕಾಲ ಮುಂದುವರಿಸಬೇಕಾಗುತ್ತದೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೂ ಥಟ್ಟನೆ ನಿಲ್ಲಿಸಬಾರದು, ವೈದ್ಯರ ಸಲಹೆಯಂತೆ ಕ್ರಮೇಣ ಇಳಿಸಬೇಕು. ಆಪ್ತಸಲಹೆ, ದಿನನಿತ್ಯದ ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ ಜೊತೆಗಿರಲಿ. ಮದ್ಯಪಾನ ಬೇಡ.

'ಧೈರ್ಯ ತಂದುಕೋ' ಎಂಬ ಉಪದೇಶಕ್ಕಿಂತ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ. 'ಬದುಕಿ ಏನು ಪ್ರಯೋಜನ' ಎಂಬ ಮಾತು ಬಂದರೆ ಹಗುರವಾಗಿ ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.