ಕಿಡಿಯ ಪರೀಕ್ಷೆ: ಜನಪದ ವಿವೇಕ ಮತ್ತು ವಿಮಾನದ ಸ್ಪಾರ್ಕ್ ಪ್ಲಗ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ರೈತರಿಗೆ ಸ್ಪಾರ್ಕ್ ಪ್ಲಗ್ ಪರಿಚಿತವಾಗಿರುವುದು ಮೋಟಾರ್ ಸೈಕಲ್ ಹಾಗೂ ಪೆಟ್ರೋಲಿನ ಔಷಧಿ ಸಿಂಪಡಿಸುವ ಯಂತ್ರಗಳಿಂದ. 1951ರಲ್ಲಿ ಆರಂಭಗೊಂಡ ಬೆಂಗಳೂರಿನ ಮೈಕೋ ಸಂಸ್ಥೆ (2008ರಿಂದ ಬಾಷ್ ಲಿಮಿಟೆಡ್) ಈ ಬಿಡಿಭಾಗವನ್ನು ತಯಾರಿಸಿ ಹೆಸರಾಯಿತು. ಎಂಜಿನ್ ನಿಂತಾಗ ಪ್ಲಗ್ಗನ್ನು ಬಿಚ್ಚಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ, ಕಿಕ್ ಹೊಡೆದು ಇಲ್ಲವೇ ಹಗ್ಗ ಎಳೆದು ಕಿಡಿ ಹಾರುವುದನ್ನು ನೋಡುವುದು ರೂಢಿ. ಕಣ್ಣಾರೆ ಕಂಡುದನ್ನೇ ನಂಬುವ ಜನಪದ ವಿವೇಕ ಇದರಲ್ಲಿದೆ.

ಆದರೆ ಈ ಪರೀಕ್ಷೆಗೊಂದು ಮಿತಿಯಿದೆ. ಒತ್ತಡ ಹೆಚ್ಚಿದಂತೆ ಕಿಡಿಗೆ ಬೇಕಾದ ವೋಲ್ಟೇಜೂ ಹೆಚ್ಚುವುದರಿಂದ, ಬಯಲ ಗಾಳಿಯಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗೆ ಹಾರದಿರಬಹುದು. ಆದುದರಿಂದಲೇ ಪಿಸ್ಟನ್ ಎಂಜಿನ್ನಿನ ವಿಮಾನಗಳ ಪ್ಲಗ್ಗುಗಳನ್ನು ಒತ್ತಡದ ಗಾಳಿಯಲ್ಲಿಟ್ಟು ಪರೀಕ್ಷಿಸುತ್ತಾರೆ. ಅಲ್ಲಿ ಪ್ರತಿ ಸಿಲಿಂಡರಿಗೂ ಸಾಮಾನ್ಯವಾಗಿ ಎರಡು ಪ್ಲಗ್ಗುಗಳು, ಅವುಗಳಿಗೆ ಪ್ರತ್ಯೇಕ ಮ್ಯಾಗ್ನೆಟೊಗಳು. ಇಂಧನದಲ್ಲಿನ ಸೀಸ ಕಟ್ಟಿಕೊಂಡು ಕಿಡಿ ತಪ್ಪುವುದನ್ನು ಕಡಿಮೆಗೊಳಿಸಲು ಇರಿಡಿಯಂನ ತೆಳುತಂತಿಯ ಪ್ಲಗ್ಗುಗಳು ಬಳಕೆಗೆ ಬಂದವು.

ಇಂಥ ಹೊಸ ಪ್ಲಗ್ಗನ್ನು ಪ್ರಚಾರ ಮಾಡುವವರು ಬಯಲಿನ ಕಿಡಿ ತೋರಿಸಿದರೆ ಸಾಲದು; ಒತ್ತಡದ ಪರೀಕ್ಷೆಯ ಫಲಿತಾಂಶವನ್ನೂ ವಿಮಾನಯಾನ ನಿಯಂತ್ರಣ ಸಂಸ್ಥೆಯ ಮಾನ್ಯತೆಯನ್ನೂ ಮುಂದಿಡಬೇಕು. ಹೊಲದಲ್ಲಿ ಎಂಜಿನ್ ನಿಂತರೆ ಅಂದಿನ ಕೆಲಸ ಕೆಡುತ್ತದೆ. ಆಕಾಶದಲ್ಲಿ ನಿಂತರೆ ಜೀವಕ್ಕೇ ಅಪಾಯ. ಕಂಡು ನಂಬಬೇಕೆಂಬ ಜನಪದರ ನಿಯಮ ಎರಡೆಡೆಯೂ ಸಲ್ಲುತ್ತದೆ. ಏನನ್ನು ಕಾಣಬೇಕೆಂಬುದನ್ನು ಯಂತ್ರದ ಸ್ವಭಾವವೇ ನಿರ್ಧರಿಸುತ್ತದೆ.