ಪರದೆಯ ಮೇಲೆ ಚಲಿಸುವ ಕನ್ನಡ: ಅಗ್ಗವಾದ ತಂತ್ರಾಂಶ, ಬದಲಾದ ಕಸುಬು

ಅಕ್ಷರ, ಗೆರೆ, ಆಕೃತಿ, ಬಣ್ಣ ಇವುಗಳನ್ನು ಕಾಲಕ್ಕೆ ತಕ್ಕಂತೆ ಚಲಿಸುವ ಹಾಗೆ ಜೋಡಿಸುವ ಕೆಲಸವೇ ಮೋಷನ್ ಗ್ರಾಫಿಕ್ಸ್. ತುಳು ಸಿನಿಮಾದ ಹೆಸರು ಪರದೆಯ ಮೇಲೆ ಮೂಡುವುದು, ಮದುವೆಯ ವಿಡಿಯೊದಲ್ಲಿ ವಧೂವರರ ಹೆಸರು ಅರಳುವುದು, ಯಕ್ಷಗಾನದ ನೇರಪ್ರಸಾರದಲ್ಲಿ ಪ್ರಸಂಗದ ಮತ್ತು ಭಾಗವತರ ಹೆಸರಿನ ಪಟ್ಟಿ ಸರಿದು ಬಂದು ನಿಲ್ಲುವುದು, ಎಲ್ಲವೂ ಇದರೊಳಗೆ ಬರುತ್ತವೆ. ಮಂಗಳೂರಿನಲ್ಲಿ ಇಂದು ಇದಕ್ಕೆ ಒಂದು ಲ್ಯಾಪ್‌ಟಾಪ್ ಸಾಕು, ಕೆಲವೊಮ್ಮೆ ಬರಿಯ ಮೊಬೈಲ್ ಸಾಕು. ಯಂತ್ರದ ಬೆಲೆ ಇಳಿದಂತೆ ಕಸುಬಿನ ಕಷ್ಟವೂ ಅದೇ ಪ್ರಮಾಣದಲ್ಲಿ ಇಳಿಯಿತೆಂದು ಮಾತ್ರ ತಿಳಿಯಬಾರದು. ಕಷ್ಟ ಜಾಗ ಬದಲಿಸಿತು. ಕನ್ನಡ ಲಿಪಿಯ ವಿಷಯದಲ್ಲಿ ಅದು ಹೊಸ ರೂಪವನ್ನೇ ತಾಳಿತು.

ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ತೆರೆಕಂಡದ್ದು 1971ರಲ್ಲಿ. ಆ ಕಾಲದಲ್ಲಿ ದಕ್ಷಿಣದ ಸಿನಿಮಾಗಳ ಲ್ಯಾಬ್ ಕೆಲಸಕ್ಕೆ ಮದ್ರಾಸೇ ಕೇಂದ್ರ. ಶೀರ್ಷಿಕೆಯನ್ನು ಕಲಾವಿದರು ಕುಂಚದಿಂದ ಬರೆಯುತ್ತಿದ್ದರು. ಆ ಹಲಗೆಯನ್ನು ಮೇಲಿನಿಂದ ಕೆಳಮುಖವಾಗಿ ನೋಡುವ ರಾಸ್ಟ್ರಮ್ ಕ್ಯಾಮೆರಾದಡಿ ಇಟ್ಟು ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸುತ್ತಿದ್ದರು. ಅಕ್ಷರ ನಿಧಾನವಾಗಿ ಮಾಯವಾಗಬೇಕೆಂದರೆ ಆಪ್ಟಿಕಲ್ ಪ್ರಿಂಟರಿನಲ್ಲಿ ಎರಡು ಫಿಲ್ಮ್ ಸುರುಳಿಗಳನ್ನು ಒಂದರ ಮೇಲೊಂದು ಮುದ್ರಿಸಬೇಕಿತ್ತು. ತಪ್ಪಾದರೆ ಫಿಲ್ಮ್, ರಾಸಾಯನಿಕ, ದಿನ ಮೂರೂ ನಷ್ಟ. ಹಾಗಾಗಿ ಯಾವ ಚೌಕಟ್ಟಿನಲ್ಲಿ ಯಾವ ಅಕ್ಷರ ಎಲ್ಲಿರಬೇಕು ಎಂಬುದನ್ನು ಕ್ಯಾಮೆರಾ ತಿರುಗುವ ಮೊದಲೇ ಕಾಗದದ ಮೇಲೆ ನಿರ್ಧರಿಸುವುದು ಅಂದಿನ ಪರಿಣತಿಯ ತಿರುಳಾಗಿತ್ತು. ಅಮೆರಿಕದ ಸಾಲ್ ಬಾಸ್ 1955ರಲ್ಲಿ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಚಿತ್ರದ ಶೀರ್ಷಿಕೆಗೆ ಬರಿಯ ಬಿಳಿ ಪಟ್ಟಿಗಳನ್ನು ಚಲಿಸಿ ಹೆಸರಾದದ್ದು ಇಂಥ ವಿಧಾನದಲ್ಲೇ.

ವಿಡಿಯೊ ಬಂದ ಮೇಲೆ ಫಿಲ್ಮಿನ ಹಂಗು ತಪ್ಪಿತು, ಯಂತ್ರದ ಹಂಗು ಉಳಿಯಿತು. ಬ್ರಿಟನ್ನಿನ ಕ್ವಾಂಟೆಲ್ ಕಂಪನಿ 1981ರಲ್ಲಿ ತಂದ ಪೇಂಟ್‌ಬಾಕ್ಸ್ ಪರದೆಯ ಮೇಲೇ ಚಿತ್ರ ಬರೆಯಲು ಬಿಡುತ್ತಿತ್ತು, ಆದರೆ ಅದನ್ನು ಕೊಳ್ಳುವುದು ದೊಡ್ಡ ಟಿ.ವಿ. ಸಂಸ್ಥೆಗಳಿಗಷ್ಟೇ ಸಾಧ್ಯವಿತ್ತು. ಬೆಲೆ ಅಷ್ಟಿದ್ದುದಕ್ಕೆ ಕಾರಣ ಸರಳ ಗಣಿತದಲ್ಲಿದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟಿ.ವಿ. ಚಿತ್ರವನ್ನು ಡಿಜಿಟಲ್ ಮಾಡಿದರೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು. ಪ್ರತಿ ಚುಕ್ಕೆಗೆ ಮೂರು ಬೈಟ್ ಎಂದರೆ ಒಂದು ಚೌಕಟ್ಟಿಗೆ ಸುಮಾರು 12 ಲಕ್ಷ ಬೈಟ್. 1.44 ಎಂಬಿಯ ಒಂದು ಫ್ಲಾಪಿಯಲ್ಲಿ ಒಂದೇ ಒಂದು ಚೌಕಟ್ಟು ಹಿಡಿಯುತ್ತಿತ್ತು, ಒಂದು ಸೆಕೆಂಡಿಗೆ 25 ಫ್ಲಾಪಿ ಬೇಕಿತ್ತು. ಈಗಿನ ಎಚ್‌ಡಿ ವಿಡಿಯೊದಲ್ಲಿ ಸೆಕೆಂಡಿಗೆ ಐದು ಕೋಟಿಗೂ ಹೆಚ್ಚು ಚುಕ್ಕೆಗಳು ಬದಲಾಗುತ್ತವೆ, ಸಾಧಾರಣ ಮೊಬೈಲಿನ ಚಿಪ್ ಅದನ್ನು ನಿಭಾಯಿಸುತ್ತದೆ.

ಸಣ್ಣ ಊರುಗಳ ಮದುವೆ ವಿಡಿಯೊಗ್ರಾಫರುಗಳ ಕೈಗೆ 1990ರ ದಶಕದಲ್ಲಿ ಸಿಕ್ಕಿದ್ದು ಪ್ಯಾನಸೋನಿಕ್ ವಿಡಿಯೊ ಮಿಕ್ಸರ್. ಅದರೊಳಗೆ ಕಂಪನಿ ತುಂಬಿಟ್ಟ, ಒಂದು ದೃಶ್ಯವನ್ನು ಸರಿಸಿ ಇನ್ನೊಂದನ್ನು ತರುವ ವೈಪ್‌ಗಳಲ್ಲಿ ಒಂದನ್ನು ಆರಿಸಬಹುದಿತ್ತು, ಹೊಸದನ್ನು ಮಾಡುವ ಅವಕಾಶ ಇರಲಿಲ್ಲ. ಆ ದಶಕದ ಮದುವೆ ಕ್ಯಾಸೆಟ್‌ಗಳೆಲ್ಲ ಒಂದೇ ಬಗೆಯಾಗಿ ಕಾಣುವುದಕ್ಕೆ ಇದೇ ಕಾರಣ. ಅದನ್ನು ಕೆಲಸಗಾರರ ಕಲ್ಪನೆಯ ಕೊರತೆಯೆಂದು ಎಣಿಸುವುದು ಅನ್ಯಾಯ.

ಕೈಕೆಲಸದ ಒಂದು ದೊಡ್ಡ ಪಾಲನ್ನು ಕಂಪ್ಯೂಟರಿಗೆ ವಹಿಸಬಹುದು ಎಂಬ ಆಲೋಚನೆ ಇದಕ್ಕಿಂತ ಹಳೆಯದು. ಆನಿಮೇಷನ್ ಸ್ಟುಡಿಯೊಗಳಲ್ಲಿ ಹಿರಿಯ ಕಲಾವಿದ ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಿದ್ದ, ಸಹಾಯಕರು ನಡುವಿನ ಚಿತ್ರಗಳನ್ನು ತುಂಬುತ್ತಿದ್ದರು. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿದ್ದ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಈ ನಡುವಿನ ಚಿತ್ರಗಳನ್ನು ಲೆಕ್ಕದಿಂದ ಪಡೆಯುವ ವ್ಯವಸ್ಥೆಯನ್ನು ಕಟ್ಟಿದರು. ಅದನ್ನು ಬಳಸಿ ಪೀಟರ್ ಫೋಲ್ಡೆಸ್ ಮಾಡಿದ ಕಿರುಚಿತ್ರ ‘ಲಾ ಫ್ಯಾಂ’ 1974ರಲ್ಲಿ ಹೊರಬಂದು ಆಸ್ಕರ್ ನಾಮನಿರ್ದೇಶನ ಪಡೆಯಿತು. ಕಲಾವಿದ ನಿಗದಿ ಮಾಡುವ ಚೌಕಟ್ಟಿಗೆ ಇಂದು ಕೀಫ್ರೇಮ್ ಎಂಬ ಹೆಸರಿದೆ. ಕಂಪ್ಯೂಟರಿನ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಿಂದ ಹಿಡಿದು ಮೊಬೈಲಿನ ಅಲೈಟ್ ಮೋಷನ್‌ವರೆಗೆ ಎಲ್ಲವೂ ನಿಂತಿರುವುದು ಈ ಒಂದೇ ಉಪಾಯದ ಮೇಲೆ.

ನಡುವಿನ ಚೌಕಟ್ಟುಗಳನ್ನು ಯಂತ್ರ ತುಂಬುವುದಾದರೆ ಕಲಾವಿದರಿಗೆ ಉಳಿಯುವ ಕೆಲಸ ಯಾವುದು ಎಂಬುದನ್ನು ಮಂಗಳೂರಿನ ಹಳೆಯ ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿ ಚೆನ್ನಾಗಿ ತೋರಿಸುತ್ತದೆ. ಫಲ್ಗುಣಿ ನದಿಯ ಈ ದಡದ ಕಟ್ಟೆ ಒಂದು ಕೀಫ್ರೇಮ್, ಆ ದಡದ ಕಟ್ಟೆ ಇನ್ನೊಂದು. ಹೊರಡುವ ಹೊತ್ತು, ತಲಪುವ ಹೊತ್ತು ಎರಡೂ ಗೊತ್ತಿವೆ. ಆದರೆ ದೋಣಿ ಒಂದೇ ವೇಗದಲ್ಲಿ ದಾಟುವುದಿಲ್ಲ. ಕಟ್ಟೆ ಬಿಡುವಾಗ ಭಾರವಾಗಿ ಕದಲುತ್ತದೆ, ನಡುನೀರಿನಲ್ಲಿ ವೇಗ ಹಿಡಿಯುತ್ತದೆ, ಆಚೆ ದಡ ಇನ್ನೂ ದೂರವಿರುವಾಗಲೇ ಚಾಲಕ ಎಂಜಿನ್ ತಗ್ಗಿಸುತ್ತಾನೆ, ಉಳಿದ ನೀರನ್ನು ದೋಣಿ ತನ್ನ ಓಟದಿಂದಲೇ ದಾಟಿ ಮೆಲ್ಲಗೆ ಕಟ್ಟೆಗೆ ತಾಗುತ್ತದೆ. ಎಂಜಿನ್ ತಡವಾಗಿ ತಗ್ಗಿದರೆ ಕಟ್ಟೆಗೆ ಬಡಿತ, ಬೇಗ ತಗ್ಗಿದರೆ ನಡುವಲ್ಲೇ ನಿಲ್ಲುವುದು. ಎರಡು ಕಟ್ಟೆಗಳ ನಡುವೆ ವೇಗವನ್ನು ಹಂಚುವ ಈ ಜಾಣ್ಮೆಗೆ ಕಸುಬಿನವರು ಈಸಿಂಗ್ ಎನ್ನುತ್ತಾರೆ. ಪರದೆಯ ಮೇಲೆ ಒಂದು ಹೆಸರು 2 ಸೆಕೆಂಡಿನಲ್ಲಿ 1000 ಚುಕ್ಕೆಗಳಷ್ಟು ಸರಿಯಬೇಕು ಎಂದಿಟ್ಟುಕೊಂಡರೆ, 50 ಹೆಜ್ಜೆಗಳಲ್ಲಿ ಸಮವೇಗವಾದರೆ ಪ್ರತಿ ಹೆಜ್ಜೆಗೆ 20 ಚುಕ್ಕೆ. ಸಾಮಾನ್ಯ ಈಸಿಂಗ್ ಸೂತ್ರ ಹಾಕಿದರೆ ಮೊದಲ ಹೆಜ್ಜೆಯಲ್ಲಿ ಅಕ್ಷರ ಸರಿಯುವುದು ಸುಮಾರು 1 ಚುಕ್ಕೆ, ನಟ್ಟನಡುವೆ 30 ಚುಕ್ಕೆ, ಕೊನೆಯ ಹೆಜ್ಜೆಯಲ್ಲಿ ಮತ್ತೆ 1. ನೋಡುವವರಿಗೆ ಮೊದಲನೆಯದು ಜಾರುವ ಹಲಗೆಯಂತೆ ಕಂಡರೆ ಎರಡನೆಯದು ತೂಕವುಳ್ಳ ವಸ್ತುವಿನಂತೆ ಕಾಣುತ್ತದೆ.

ಈ ವೇಗದ ರೇಖೆಯನ್ನು ಪರದೆಯಲ್ಲಿ ಎಳೆದು ಬಗ್ಗಿಸಲು ಬಳಸುವ ಗಣಿತ ಹುಟ್ಟಿದ್ದು ಕಾರು ಕಾರ್ಖಾನೆಗಳಲ್ಲಿ. ಕಾರಿನ ಮೈಯ ಬಾಗುಗಳನ್ನು ಸಂಖ್ಯೆಯಲ್ಲಿ ಹಿಡಿಯಲು ಸಿಟ್ರೊಯೆನ್‌ನಲ್ಲಿ ಪಾಲ್ ಡಿ ಕ್ಯಾಸ್ಟೆಲ್‌ಜೊ 1959ರಲ್ಲಿ ಒಂದು ವಿಧಾನ ಕಂಡುಕೊಂಡರು, ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯರ್ ಬೆಜಿಯೆ ಅದೇ ಬಗೆಯ ರೇಖೆಗಳನ್ನು ಪ್ರಕಟಿಸಿದ್ದರಿಂದ ಹೆಸರು ಅವರ ಪಾಲಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರದ ದುಂಡು ಅಂಚು ಶೇಖರವಾಗಿರುವುದೂ ಇದೇ ಬೆಜಿಯೆ ರೇಖೆಗಳಲ್ಲಿ, ಅದೇ ಅಕ್ಷರದ ಓಟವನ್ನು ನಿಯಂತ್ರಿಸುವುದೂ ಇವುಗಳಿಂದಲೇ. ಆಕಾರಕ್ಕೂ ಚಲನೆಗೂ ಒಂದೇ ಗಣಿತ ಹೊಂದಿಕೊಂಡದ್ದು ಈ ಕ್ಷೇತ್ರದ ಅತ್ಯಂತ ಸುಂದರವಾದ ಸಂಗತಿಗಳಲ್ಲಿ ಒಂದು.

ಉಪಕರಣಗಳ ಬೆಲೆ ಕುಸಿದ ಕಥೆ ಚಿಕ್ಕದು. ಆಫ್ಟರ್ ಎಫೆಕ್ಟ್ಸ್ 1993ರ ಜನವರಿಯಲ್ಲಿ ಅಮೆರಿಕದ ಒಂದು ಪುಟ್ಟ ಕಂಪನಿಯಿಂದ ಹೊರಬಂದು ಮರುವರ್ಷವೇ ಅಡೋಬಿಯ ಕೈ ಸೇರಿತು. ಸಾಮಾನ್ಯ ಮೇಜಿನ ಕಂಪ್ಯೂಟರಿನಲ್ಲಿ ಪದರಗಳನ್ನು ಜೋಡಿಸಿ ಚಲಿಸುವುದು ಅಲ್ಲಿಂದ ರೂಢಿಯಾಯಿತು. ನೆದರ್ಲೆಂಡ್ಸ್‌ನ ಟಾನ್ ರೂಸೆಂಡಾಲ್ ರೂಪಿಸಿದ ಆನಿಮೇಷನ್ ತಂತ್ರಾಂಶ ಬ್ಲೆಂಡರ್‌ನ ಮೂಲ ಕಂಪನಿ ಮುಚ್ಚಿದಾಗ, 2002ರಲ್ಲಿ ಬಳಕೆದಾರರು ಏಳೇ ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಅದನ್ನು ಬಿಡಿಸಿಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ಅದೇ ಬ್ಲೆಂಡರ್‌ನಲ್ಲಿ ಮಾಡಿದ ಲಾಟ್ವಿಯಾದ ‘ಫ್ಲೋ’ 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ಬಣ್ಣ ತಿದ್ದುವ ಡಾವಿಂಚಿ ರಿಸಾಲ್ವ್‌ನ ಬೆಲೆ ಒಂದು ಕಾಲಕ್ಕೆ ಲಕ್ಷಗಟ್ಟಲೆ ಡಾಲರ್ ಇತ್ತು. ಬ್ಲ್ಯಾಕ್‌ಮ್ಯಾಜಿಕ್ 2009ರಲ್ಲಿ ಅದನ್ನು ಕೊಂಡು ಮರುವರ್ಷ 995 ಡಾಲರಿಗೆ ಇಳಿಸಿತು, 2011ರಲ್ಲಿ ಉಚಿತ ಆವೃತ್ತಿಯನ್ನೇ ಕೊಟ್ಟಿತು.

ಕರಾವಳಿಯಲ್ಲಿ ಇದರ ಫಲ ಬೇಗ ಕಾಣಿಸಿತು. ಮದುವೆ ವಿಡಿಯೊಗಳು ಮಿಕ್ಸರ್ ಬಿಟ್ಟು ಎಡಿಯಸ್‌ನಂಥ ತಂತ್ರಾಂಶಕ್ಕೆ ಸರಿದವು. ‘ಒರಿಯರ್ದೊರಿ ಅಸಲ್’ 2011ರಲ್ಲಿ ಗೆದ್ದ ಬಳಿಕ ತುಳು ಸಿನಿಮಾಗಳು ಸಾಲಾಗಿ ಬಂದವು. ಸಣ್ಣ ಬಂಡವಾಳದ ಈ ಚಿತ್ರಗಳಿಗೆ ಫಿಲ್ಮ್ ಪ್ರಿಂಟಿನ ಖರ್ಚಿಲ್ಲದ ಡಿಜಿಟಲ್ ಪ್ರದರ್ಶನ ದೊಡ್ಡ ಆಸರೆಯಾಯಿತು. ಯಕ್ಷಗಾನ, ಕಂಬಳ, ಬ್ರಹ್ಮಕಲಶೋತ್ಸವಗಳ ನೇರಪ್ರಸಾರ ಯೂಟ್ಯೂಬಿಗೆ ಬಂದ ಮೇಲೆ ಒಬಿಎಸ್ ಎಂಬ ಉಚಿತ ತಂತ್ರಾಂಶ ಟಿ.ವಿ. ಸ್ಟುಡಿಯೊದ ಗ್ರಾಫಿಕ್ಸ್ ಕೋಣೆಯ ಕೆಲಸವನ್ನು ಮಾಡುತ್ತಿದೆ. ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ ಕಟ್ಟಿದ ರೋಬೊಸಾಫ್ಟ್‌ನಿಂದಾಗಿ ಆ್ಯಪ್‌ಗಳ ಕೆಲಸವೂ ಈ ಭಾಗಕ್ಕೆ ಬಂತು. ಆ್ಯಪ್‌ನೊಳಗೆ ಪುಟಿಯುವ ಗುಂಡಿ, ತಿರುಗುವ ಗುರುತು ಇವೂ ಮೋಷನ್ ಗ್ರಾಫಿಕ್ಸೇ.

ಇಲ್ಲಿಯವರೆಗಿನದು ಜಗತ್ತಿನ ಯಾವ ನಗರಕ್ಕೂ ಹೊಂದುವ ಮಾತು. ಮಂಗಳೂರಿನ ಕೆಲಸಗಾರರಿಗೆ ಇನ್ನೊಂದು ತೊಡಕಿತ್ತು: ಈ ತಂತ್ರಾಂಶಗಳಿಗೆ ಕನ್ನಡ ಬರುತ್ತಿರಲಿಲ್ಲ. ತುಳು, ಕೊಂಕಣಿ, ಬ್ಯಾರಿ ಭಾಷೆಗಳೂ ಇಲ್ಲಿ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯಲ್ಪಡುವುದರಿಂದ ತೊಡಕು ಎಲ್ಲರದೂ ಆಯಿತು.

ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳಲು ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್. ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತುತ್ತ ಹೋದರೆ ಒತ್ತಕ್ಷರ ತಾನಾಗಿ ಮೂಡುವಂಥ ಕೀಲಿಮಣೆ ವಿನ್ಯಾಸ ಅವರದು. ಅವರು ರೂಪಿಸಿದ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಹೊತ್ತ ‘ಸೇಡಿಯಾಪು’ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯಿತು. ಮುಂದೆ ಸರ್ಕಾರ ಒಪ್ಪಿದ ಕೀಲಿಮಣೆಗೂ ಅವರ ವಿನ್ಯಾಸವೇ ಆಧಾರ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳು ಅಕ್ಷರವನ್ನು ತುಂಡುಗಳಾಗಿ ಒಡೆದು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿದವು. ಇದರಿಂದ ಕನ್ನಡದ ಗಂಧವೇ ಇಲ್ಲದ ವಿದೇಶಿ ತಂತ್ರಾಂಶದಲ್ಲೂ ಕನ್ನಡ ಸರಿಯಾಗಿ ಕಾಣಿಸಿತು, ವಿಡಿಯೊ ಸ್ಟುಡಿಯೊಗಳು ಈ ಫಾಂಟ್‌ಗಳನ್ನು ಬಹುಕಾಲ ಬಿಡದಿರಲು ಕಾರಣವೂ ಅದೇ. ಆದರೆ ಅಕ್ಷರಗಳು ಒಂದೊಂದಾಗಿ ಮೇಲಿನಿಂದ ಇಳಿಯಲಿ ಎಂದು ಆಜ್ಞೆ ಕೊಟ್ಟರೆ ತುಂಡುಗಳೇ ಇಳಿಯುತ್ತಿದ್ದವು: ಒತ್ತು ತನ್ನ ಪಾಡಿಗೆ, ದೀರ್ಘ ತನ್ನ ಪಾಡಿಗೆ.

ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ಬಂದ ಮೇಲೆ ಸಮಸ್ಯೆ ಬೇರೆಯಾಯಿತು. ‘ಮಂಗಳೂರು’ ಎಂಬ ಪದವನ್ನು ಓದುಗರು 4 ಅಕ್ಷರವೆಂದು ಎಣಿಸುತ್ತಾರೆ, ಕಂಪ್ಯೂಟರಿನ ನೆನಪಿನಲ್ಲಿ ಅದು 7 ಸಂಕೇತ. ‘ಸ್ತ್ರೀ’ ಒಂದೇ ಅಕ್ಷರ, ಸಂಕೇತ 6. ‘ಕರ್ನಾಟಕ’ ಇನ್ನೂ ಬಿಗಿಯಾದ ಪರೀಕ್ಷೆ. ರೇಫ ಉಚ್ಚಾರದಲ್ಲಿ ನಕಾರಕ್ಕಿಂತ ಮೊದಲು, ಬರಹದಲ್ಲಿ ಅರ್ಕಾವೊತ್ತಾಗಿ ಅದರ ನಂತರ. ಈ ಪದ ಒಂದೊಂದೇ ಸಂಕೇತವಾಗಿ ಮೂಡಲಿ ಎಂದರೆ ಪರದೆಯಲ್ಲಿ ಮೊದಲು ‘ಕ’, ಆಮೇಲೆ ‘ಕರ’, ಆಮೇಲೆ ‘ಕರ್’ ಬರುತ್ತದೆ. ನಕಾರ ಬಂದೊಡನೆ ಅಲ್ಲಿದ್ದ ರಕಾರ ಕಾಣೆಯಾಗಿ ಅರ್ಕಾವೊತ್ತು ಬಲಕ್ಕೆ ನೆಗೆಯುತ್ತದೆ. ರೋಮನ್ ಲಿಪಿಗೆಂದು ಮಾಡಿದ ಸಿದ್ಧ ಚಲನೆ ಕನ್ನಡದಲ್ಲಿ ಮುಗ್ಗರಿಸುವುದು ಹೀಗೆ.

ಸಂಕೇತಗಳಿಂದ ಸರಿಯಾದ ಅಕ್ಷರರೂಪವನ್ನು ಕಟ್ಟುವ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಕನ್ನಡ ಸರಿಯಾಗಿ ಕಾಣುವುದು ಅದರಿಂದ. ವಿಡಿಯೊ ತಂತ್ರಾಂಶಗಳು ಈ ದಾರಿಗೆ ಬಂದದ್ದು ತಡವಾಗಿ. ಆ ನಡುವೆ ಕಸುಬಿನವರು ತಮ್ಮದೇ ಉಪಾಯ ಕಂಡುಕೊಂಡರು. ಕನ್ನಡ ಬಲ್ಲ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಪದವನ್ನು ಟೈಪಿಸಿ, ಬೆಜಿಯೆ ರೇಖೆಗಳ ಆಕೃತಿಯಾಗಿ ಮಾರ್ಪಡಿಸಿ, ಒತ್ತು ಮತ್ತು ಮೂಲಾಕ್ಷರವನ್ನು ಒಂದೇ ಗುಂಪಾಗಿ ಕಟ್ಟಿ, ಆಮೇಲೆ ಬ್ಲೆಂಡರ್‌ಗೋ ಆಫ್ಟರ್ ಎಫೆಕ್ಟ್ಸ್‌ಗೋ ತರುವುದು. ನೇರಪ್ರಸಾರದಲ್ಲಾದರೆ ಹೆಸರಿನ ಪಟ್ಟಿಯನ್ನು ವೆಬ್‌ಪುಟದಂತೆ ಬರೆದು ಒಬಿಎಸ್‌ನೊಳಗಿನ ಬ್ರೌಸರಿನಿಂದ ತೋರಿಸುವುದು. ಗುಂಪು ಕಟ್ಟುವ ಈ ಹಂತದಲ್ಲಿ ನಿರ್ಧರಿಸಬೇಕಾದದ್ದು ತಾಂತ್ರಿಕವಲ್ಲ, ಲಿಪಿಯ ವಿವೇಕ. ‘ಅಣ್ಣ’ದಲ್ಲಿ ಒತ್ತು ಅರೆಕ್ಷಣ ತಡವಾಗಿ ಬಂದು ಮೂಲಾಕ್ಷರಕ್ಕೆ ಕೂಡಿಕೊಂಡರೆ ಚೆಂದ ಕಾಣಬಹುದು, ಆದರೆ ಆ ಅರೆಕ್ಷಣ ಓದುಗನ ಕಣ್ಣಿಗೆ ಕಾಣುವುದು ‘ಅಣ’. ಎಷ್ಟು ಚೌಕಟ್ಟು ತಡವಾದರೆ ಓದು ಕೆಡುವುದಿಲ್ಲ ಎಂಬುದನ್ನು ಕನ್ನಡ ಓದುವ ಕಣ್ಣೇ ಹೇಳಬೇಕು.

ಮಂಗಳೂರಿಗೆ ಇಂಥ ಪ್ರಶ್ನೆ ಹೊಸದಲ್ಲ. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದಾಗ ಅದು ಕಲ್ಲಚ್ಚಿನಲ್ಲಿ ಮೂಡಿತು. ಬರೆದ ಅಕ್ಷರವೇ ಅಚ್ಚಾಗುತ್ತಿದ್ದುದರಿಂದ ಒತ್ತು ಎಲ್ಲಿ ಕೂರಬೇಕೆಂಬುದು ಬರೆಯುವ ಕೈಗೆ ಬಿಟ್ಟ ವಿಷಯವಾಗಿತ್ತು. ಮೊಳೆಗಳ ಅಚ್ಚು ಬಂದಾಗ ಒತ್ತುಗಳನ್ನೂ ಬಿಡಿ ಮೊಳೆಗಳಾಗಿ ಎರಕ ಹೊಯ್ಯಬೇಕಾಯಿತು.

ಕಡಿಮೆ ಬೆಲೆಯ ಉಪಕರಣಗಳೊಂದಿಗೆ ಬಂದ ಇನ್ನೊಂದು ಒಳಿತು ಮುಕ್ತ ಫಾಂಟ್‌ಗಳು. ಬಲೂ ತಮ್ಮ, ಅಕಾಯ ಕನಡಕ, ತಿರೊ ಕನ್ನಡ ಉಚಿತವಾಗಿ ಸಿಗುತ್ತವೆ. ಏಕ್ ಟೈಪ್ ಬಳಗದ ಅನೇಕ್ ಕನ್ನಡ ವೇರಿಯಬಲ್ ಫಾಂಟ್ ಆದ್ದರಿಂದ ಅಕ್ಷರದ ದಪ್ಪ ಮತ್ತು ಅಗಲವನ್ನು ನಿರಂತರವಾಗಿ ಬದಲಿಸಬಹುದು, ಚೆಂಡೆಯ ಪೆಟ್ಟಿಗೆ ಶೀರ್ಷಿಕೆ ದಪ್ಪವಾಗಿ ಮತ್ತೆ ತೆಳುವಾಗುವಂತೆ ಮಾಡಬಹುದು. ಕುಂಚ ಹಿಡಿದ ಶೀರ್ಷಿಕೆ ಬರಹಗಾರರಿಗೂ ಈ ಸವಲತ್ತು ಇರಲಿಲ್ಲ.

ಟೆಂಪ್ಲೇಟ್‌ಗಳನ್ನು ಮತ್ತು ಕೃತಕ ಬುದ್ಧಿಮತ್ತೆಯನ್ನು ಹೊಗಳುವ ಪ್ರಚಾರವನ್ನು ಎಚ್ಚರದಿಂದ ನೋಡಬೇಕು. ಟೆಂಪ್ಲೇಟ್ ಕೊಂಡು ಹೆಸರು ಬದಲಿಸಿದರೆ ಮದುವೆ ವಿಡಿಯೊ ಮತ್ತೆ ಮಿಕ್ಸರ್ ಕಾಲದ ಏಕರೂಪಕ್ಕೆ ಮರಳುತ್ತದೆ. ಮಾತು ಕೊಟ್ಟರೆ ವಿಡಿಯೊ ಕೊಡುವ ಮಾದರಿಗಳು ಚಿತ್ರದಲ್ಲಿ ಬೆರಗು ಹುಟ್ಟಿಸಿದರೂ ಕನ್ನಡದ ಒತ್ತಕ್ಷರಗಳನ್ನು ಆಗಾಗ ಕೆಡಿಸುತ್ತವೆ. ಅವು ಅಕ್ಷರವನ್ನು ಸಂಕೇತಗಳಿಂದ ಕಟ್ಟದೆ ಚಿತ್ರವೆಂದು ಊಹಿಸಿ ಬರೆಯುವುದು ಇದಕ್ಕೆ ಮುಖ್ಯ ಕಾರಣ.

ಮುಂದಿನ ಕೆಲಸ ಈಗಾಗಲೇ ಎದುರಿಗಿದೆ. ತುಳುನಾಡಿನ ತಾಳೆಗರಿಗಳಲ್ಲಿ ಬಳಕೆಯಲ್ಲಿದ್ದ ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನ 16ನೆಯ ಆವೃತ್ತಿಗೆ ಸೇರಿತು. ಪ್ರಸ್ತಾವ ಸಿದ್ಧಪಡಿಸಿದವರು ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್. ತುಳು ಚಿತ್ರದ ಶೀರ್ಷಿಕೆ ಈ ಲಿಪಿಯಲ್ಲಿ ಚಲಿಸಬೇಕಾದರೆ ಯೂನಿಕೋಡ್ ಸಂಕೇತಗಳಿರುವ ಫಾಂಟ್ ಬೇಕು, ಹಾರ್ಫ್‌ಬಜ್‌ನ ಹೊಸ ಆವೃತ್ತಿ ವಿಡಿಯೊ ತಂತ್ರಾಂಶದೊಳಗೆ ಬರಬೇಕು, ಸಂಯುಕ್ತಾಕ್ಷರಗಳನ್ನು ಎಲ್ಲಿ ಬಿಡಿಸಬಹುದು ಎಲ್ಲಿ ಬಿಡಿಸಬಾರದು ಎಂಬುದನ್ನು ಹಸ್ತಪ್ರತಿ ಓದಬಲ್ಲವರು ಗ್ರಾಫಿಕ್ಸ್ ಕಲಾವಿದರ ಪಕ್ಕ ಕುಳಿತು ತೋರಿಸಬೇಕು.